ಚಿಗವ್ವನ ದನಿ, ಬಾಜೂ ಮನೆಯ ಮಗ್ಗ

ಹೋದ ತಿಂಗಳು ಇಳಕಲ್ಲಿಗೆ ಹೋಗಿ ಚಿಗವ್ವನ (ಚಿಕ್ಕಮ್ಮನ) ಮಾತು ರೆಕಾರ್ಡ್ ಮಾಡಿಕೊಂಡು ಬಂದೆ. ಒಟ್ಟು 42 ನಿಮಿಷ. ಮದುವೆಯಾಗಿ ಬಂದದ್ದು, ಮಗ್ಗದ ಮುಂದೆ ಕೂತದ್ದು, ಅತ್ತೆಯಿಂದ ಬೈಸಿಕೊಂಡು ಕೊಂಡಿ ಹಾಕೋದು ಕಲಿತದ್ದು, ಎಲ್ಲ ಇದೆ. ಇಳಕಲ್ ಸೀರೆ ಬಲ್ಲವರಿಗೆ ಕೊಂಡಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಒಡಲಿನ ಹಾಸಿನ (ಉದ್ದ ಎಳೆಗಳ) ಜೊತೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ. ಅದನ್ನು ಚಿಗವ್ವ ಹೇಳಿದಷ್ಟು ಸಲೀಸಾಗಿ ನಾನು ಎಲ್ಲೂ ಓದಿಲ್ಲ.

ಬಾಗಲಕೋಟೆಗೆ ಬಂದು, ಊಟ ಮುಗಿಸಿ, ಹೆಡ್‌ಫೋನ್ ಹಾಕಿ ಕೇಳಿದೆ. ಎದೆ ಧಸಕ್ಕೆಂದಿತು. ಚಿಗವ್ವನಿಗಿಂತ ಬಾಜೂ ಮನೆಯ ಪವರ್‌ಲೂಮೇ ಜಾಸ್ತಿ ಮಾತಾಡಿದೆ. ಖಟ್ ಖಟ್ ಖಟ್ ಖಟ್. ಅದರ ಮೇಲೆ ಫ್ಯಾನಿನ ಗುಂಯ್. ನಡುವೆ ನಳ ಬಂತು ಅಂತ ಓಣಿಯೆಲ್ಲ ಕೊಡ ಹಿಡಿದು ಓಡಿದ ಗದ್ದಲ ಬೇರೆ. ಅಲ್ಲಿ ಕೂತಿದ್ದಾಗ ಇದ್ಯಾವುದೂ ನನಗೆ ಕೇಳಿಸಿರಲೇ ಇಲ್ಲ. ನಮ್ಮ ಕಿವಿ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಫೋನಿನ ಮೈಕು ಬಂದದ್ದನ್ನೆಲ್ಲ ನುಂಗುತ್ತದೆ.

ಆಫೀಸಿನ ಹುಡುಗನೊಬ್ಬನಿಗೆ ಕೇಳಿಸಿದೆ. "ಎಐ ಹಾಕ್ರಿ ಸರ್, ಎರಡ ನಿಮಿಷದಾಗ ಕ್ಲೀನ್ ಆಗ್ತೈತಿ" ಅಂದ. ಒಂದಲ್ಲ, ಐದಾರು ವೆಬ್‌ಸೈಟ್‌ಗಳ ಲಿಂಕ್ ಕಳಿಸಿದ. ಆ್ಯಪ್ ಇಳಿಸೋದು ಬೇಡ, ಬ್ರೌಸರಿನಲ್ಲಿ ಫೈಲ್ ಕೊಟ್ಟರೆ ಸಾಕು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸೈಟುಗಳಲ್ಲಿ ಎರಡು ಜಾತಿ. ಒಂದು ಜಾತಿ ನಿಮ್ಮ ಫೈಲನ್ನು ತನ್ನ ಕಂಪ್ಯೂಟರಿಗೆ ತರಿಸಿಕೊಂಡು, ಅಲ್ಲಿ ತೊಳೆದು ವಾಪಸ್ ಕೊಡುತ್ತದೆ. ಇನ್ನೊಂದು ಜಾತಿ ಪ್ರೋಗ್ರಾಮನ್ನೇ ನಿಮ್ಮ ಬ್ರೌಸರಿಗೆ ಕಳಿಸುತ್ತದೆ, ಕೆಲಸ ನಿಮ್ಮ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನಡೆಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ನೀಲಿ ಬಟನ್, ಅದೇ "ಉಚಿತ".

ನನ್ನ 42 ನಿಮಿಷದಲ್ಲಿ ಚಿಗವ್ವ ಒಂದು ಕೈಗಡದ ವಿಷಯ ಹೇಳಿದ್ದಾಳೆ. ಮನೆಯ ಒಂದು ಜಗಳವನ್ನೂ ಹೇಳಿದ್ದಾಳೆ. ಕೊನೆಗೆ "ತಮ್ಮಾ, ಇದನ್ನ ಯಾರ ಮುಂದೂ ಹೇಳಬ್ಯಾಡ ಮತ್ತ" ಅಂದದ್ದೂ ರೆಕಾರ್ಡ್ ಆಗಿದೆ. ಅದನ್ನು ಹೆಸರು ಗೊತ್ತಿಲ್ಲದವರ ಕಂಪ್ಯೂಟರಿಗೆ ಕಳಿಸೋದು ನನ್ನಿಂದ ಆಗಲಿಲ್ಲ. ಹಾಗಾಗಿ ಎರಡನೇ ಜಾತಿಯದ್ದೇ ಬೇಕು ಅಂತ ಹಟ ಹಿಡಿದೆ. ಪರೀಕ್ಷೆ ಸುಲಭ. ಪುಟ ಪೂರ್ತಿ ತೆರೆದ ಮೇಲೆ ನೆಟ್ ಬಂದ್ ಮಾಡಿ, ಆಮೇಲೆ ಫೈಲ್ ಕೊಡಿ. ಕೆಲಸ ಆದರೆ ನಿಮ್ಮ ಯಂತ್ರವೇ ಮಾಡುತ್ತಿದೆ ಅಂತ ಅರ್ಥ. ಆಗದಿದ್ದರೆ ಪುಟ ಮುಚ್ಚಿ. ಐದಾರರಲ್ಲಿ ಒಂದು ಮಾತ್ರ ಪಾಸಾಯಿತು.

ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಆರ್‌ಎನ್‌ನಾಯ್ಸ್ ಅಂತಿತ್ತು, ಗದ್ದಲ ತೆಗೆಯುವ ಪ್ರೋಗ್ರಾಮಿನ ಹೆಸರು. ಸುಮ್ನೆ ಹುಡುಕಿ ಓದಿದೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾದಲ್ಲಿದ್ದ ಜಾನ್-ಮಾರ್ಕ್ ವಾಲಿನ್ ಎಂಬವರು 2017ರಲ್ಲಿ ಹೊರತಂದದ್ದು. ನಮ್ಮ ವಾಟ್ಸಾಪ್ ವಾಯ್ಸ್ ನೋಟ್‌ಗಳು ಓಪಸ್ ಎಂಬ ರೂಪದಲ್ಲಿ ಓಡಾಡುತ್ತವಲ್ಲ, ಅದನ್ನು ಮಾಡಿದವರಲ್ಲೂ ಇವರು ಒಬ್ಬರು. ದಿನಾ ಇವರ ಕೆಲಸ ಬಳಸುತ್ತೇವೆ, ಹೆಸರು ಕೇಳಿದ್ದು ಮಾತ್ರ ಈಗ!

ಅದು ಮಾಡೋದು ಇಷ್ಟು. ದನಿಯನ್ನು 10 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸುತ್ತದೆ. ಪ್ರತಿ ಚೂರನ್ನು ತಗ್ಗಿನ ದನಿಯಿಂದ ಎತ್ತರದ ದನಿವರೆಗೆ 22 ಪಟ್ಟಿಗಳಾಗಿ ವಿಂಗಡಿಸುತ್ತದೆ. ಈ ಪಟ್ಟಿಯಲ್ಲಿ ಮಾತು ಎಷ್ಟು, ಗದ್ದಲ ಎಷ್ಟು ಅಂತ ಅಂದಾಜು ಹಾಕಿ, ಪ್ರತಿಯೊಂದರ ವಾಲ್ಯೂಮನ್ನು ಸೊನ್ನೆಯಿಂದ ಒಂದರ ನಡುವೆ ಎಲ್ಲೋ ನಿಲ್ಲಿಸುತ್ತದೆ. 22 ಬಟನ್ ಇರುವ ಪೆಟ್ಟಿಗೆಯ ಮುಂದೆ ಕೂತು ಯಾರೋ ಸೆಕೆಂಡಿಗೆ ನೂರು ಸಲ ಎಲ್ಲವನ್ನೂ ತಿರುಗಿಸಿದ ಹಾಗೆ. ಅದು ಕಲಿತ ವಿದ್ಯೆಯೆಲ್ಲ ಸುಮಾರು 85 ಕೆಬಿಯಲ್ಲಿ ಹಿಡಿಯುತ್ತದೆ. ಬೆಳಗ್ಗೆ ಬರುವ ಒಂದು ಗುಡ್ ಮಾರ್ನಿಂಗ್ ಹೂವಿನ ಚಿತ್ರದಷ್ಟು.

ಇಂಥದ್ದು ಬ್ರೌಸರಿನಲ್ಲಿ ಇಷ್ಟು ಜೋರಾಗಿ ಓಡಲು ವೆಬ್‌ಅಸೆಂಬ್ಲಿ ಕಾರಣ, ಬ್ರೌಸರಿನೊಳಗೆ ಪ್ರೋಗ್ರಾಮುಗಳನ್ನು ವೇಗವಾಗಿ ಓಡಿಸುವ ತಂತ್ರ. 2019ರಲ್ಲಿ ಅದು ವೆಬ್ಬಿನ ಅಧಿಕೃತ ಮಾನದಂಡವಾಯಿತು. ಗದ್ದಲ ತೆಗೆಯಲು ಆರ್‌ಎನ್‌ನಾಯ್ಸ್‌ಗಿಂತ ಹಳೆಯ ದಾರಿಯೂ ಇದೆ. 1979ರಲ್ಲಿ ಸ್ಟೀವನ್ ಬೋಲ್ ಬರೆದದ್ದು. ಯಾರೂ ಮಾತಾಡದ ಜಾಗದಿಂದ ಗದ್ದಲದ ಅಚ್ಚು ತೆಗೆದುಕೊಂಡು, ಅದನ್ನು ಇಡೀ ರೆಕಾರ್ಡಿಂಗಿನಿಂದ ಕಳೆಯೋದು. ಫ್ಯಾನಿನಂಥ ಒಂದೇ ಸಮನೆ ಬರುವ ಸಪ್ಪಳಕ್ಕೆ ಇವತ್ತಿಗೂ ಚೆನ್ನಾಗಿದೆ. ದನಿ ತಿದ್ದುವ ಆಡಾಸಿಟಿ ಎಂಬ ಪ್ರೋಗ್ರಾಮಿನಲ್ಲೂ ಹೀಗೇ ಮೊದಲು ಅಚ್ಚು ತೆಗೆದುಕೊಡಬೇಕು. ಕೊಡ, ನಳ, ಮಗ್ಗ ಇವಕ್ಕೆ ಆ ಅಚ್ಚು ಸಾಲದು.

ಸರಿ, ಬಟನ್ ಒತ್ತಿದೆ. ಕೇಳಿದೆ. ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು. ಫ್ಯಾನ್ ಇಲ್ಲ, ಪವರ್‌ಲೂಮ್ ಹೆಚ್ಚುಕಮ್ಮಿ ಇಲ್ಲ. ಚಿಗವ್ವ ಕಿವಿಯ ಹತ್ತಿರ ಕೂತು ಮಾತಾಡಿದ ಹಾಗಿತ್ತು. ಐದು ನಿಮಿಷ ಈ ಖುಷಿ.

ಆಮೇಲೆ ಅನುಮಾನ ಶುರುವಾಯಿತು. ಚಿಗವ್ವ "ಆಸು" ಅಂತಿದ್ದಾಳೆ. "ಒಕ್ಕು" ಅಂತಿದ್ದಾಳೆ. ಹಾಸು, ಹೊಕ್ಕು (ಅಡ್ಡ ಎಳೆ) ಎರಡರ ಹಕಾರವೂ ಹೋಗಿದೆ! ಹುಟ್ಟಿದಾಗಿನಿಂದ ತುಂಗಭದ್ರಾ ದಾಟದ ಹೆಂಗಸು ಒಂದೇ ಬಟನ್ನಿಗೆ ಮೈಸೂರು ಕಡೆಯ ಹಳ್ಳಿಯವಳಾಗಿಬಿಟ್ಟಳು. ಕಾರಣ ಇದೆ. ಹ, ಸ, ಶ ಇವುಗಳಲ್ಲಿ ಇರೋದೇ ಗಾಳಿಯ ಸಪ್ಪಳ. ಯಂತ್ರದ ಲೆಕ್ಕದಲ್ಲಿ ಅವು ಅಕ್ಷರಕ್ಕಿಂತ ಗದ್ದಲಕ್ಕೆ ಹತ್ತಿರ. ಮಹಾಪ್ರಾಣದ ಉಸಿರೂ ಹಾಗೇ. ಮೆಲ್ಲಗೆ ಮಾತಾಡುವವರ ದನಿಯಲ್ಲಿ ಇವು ಮೊದಲು ಹೋಗುತ್ತವೆ.

ಮಾತಿನ ನಡುವಿನ ಜಾಗಗಳೂ ಸತ್ತುಹೋಗಿದ್ದವು. ಕೈಮಗ್ಗದಲ್ಲಿ ನೇಯುತ್ತಲೇ ಮಾತಾಡಿದ ಚಿಗವ್ವ ಎಳೆ ಹರಿದಾಗ ಮಾತು ನಿಲ್ಲಿಸಿ ಅದನ್ನು ಕೂಡಿಸುತ್ತಾಳೆ. ಅಲ್ಲೆಲ್ಲ ಪೂರ್ತಿ ಸೊನ್ನೆ. ನನ್ನ ಹೆಂಡತಿ ಹೆಡ್‌ಫೋನ್ ತೆಗೆದು "ಫೋನ್ ಕಟ್ ಆತೇನ್ರಿ?" ಅಂದಳು.

ಇದೆಲ್ಲ ಹೋಗಲಿ. ಇಪ್ಪತ್ತಾರನೇ ನಿಮಿಷಕ್ಕೆ ಬಂದಾಗ ನಾನೇ ಜೋರಾಗಿ ನಕ್ಕುಬಿಟ್ಟೆ. ಅಲ್ಲಿ ಚಿಗವ್ವ ಲಾಳಿಯೊಳಗಿನ ನೂಲಿನ ಸುರುಳಿ, ಅಂದರೆ ಕಂಡಿಕಿಯ ವಿಷಯ ಹೇಳುತ್ತಾಳೆ: "ಕಂಡಿಕಿ ಮುಗ್ಯಾಕ ಬಂದ್ರ ಲಾಳಿ ಹಗರ ಆಗ್ತೈತಿ. ಕಣ್ಣೀಲೆ ನೋಡೂದ ಬ್ಯಾಡ, ಕಿವಿಗೇ ಗೊತ್ತಾಗ್ತೈತಿ. ಕೇಳಿಲ್ಲೆ, ಈಗ ಸಪ್ಪಳ ಹೆಂಗ ಬದಲಾತು."

ಆಮೇಲೆ ಏಳು ಸೆಕೆಂಡು ಏನೂ ಇಲ್ಲ.

"ಕೇಳಿಸ್ತಿಲ್ಲೊ?"

ಮತ್ತೆ ಏನೂ ಇಲ್ಲ. "ಹೂಂ ಚಿಗವ್ವ, ಕೇಳಿಸ್ತು" ಅಂತ ನಾನು.

ಯಂತ್ರದ ತಪ್ಪು ಅಂತ ನಾನು ಹೇಳಲ್ಲ. ಅದಕ್ಕೆ ಕಲಿಸಿದ್ದು ಮಾತನ್ನು ಉಳಿಸು, ಉಳಿದದ್ದನ್ನು ತೆಗಿ ಅಂತ. ಅದು ಹಾಗೇ ಮಾಡಿದೆ. ತಪ್ಪು ನಮ್ಮದು, ಎಷ್ಟು ತೊಳೆಯಬೇಕು ಅನ್ನುವ ಸ್ಲೈಡರನ್ನು 100ಕ್ಕೆ ಎಳೆಯುವವರದ್ದು. ನಮ್ಮ ಕಡೆ ಈಗ ಯೂಟ್ಯೂಬಿನಲ್ಲಿ ಚೌಡಕಿ ಪದ, ಗೀಗೀ ಪದ ಹಾಕುವ ಹುಡುಗರು ಬಹಳ ಜನ ಇದ್ದಾರೆ. ಒಳ್ಳೆ ಕೆಲಸ. ಆದರೆ ಕೆಲವರು ಅದನ್ನೂ ಹೀಗೇ ತೊಳೆಯುತ್ತಿದ್ದಾರೆ. ಮಾತಿಗೆ ಮಾಡಿದ ಯಂತ್ರಕ್ಕೆ ಚೌಡಕಿಯೂ ಗದ್ದಲವೇ. ತಂತಿ ಮೀಟಿದ್ದು ಅರ್ಧ ಬರುತ್ತದೆ, ಅರ್ಧ ಮುಳುಗುತ್ತದೆ. ಕೇಳಿದರೆ ಹಾಡುವವರನ್ನು ಬಾವಿಗಿಳಿಸಿ ಹಾಡಿಸಿದ ಹಾಗಿರುತ್ತದೆ. ಹಾಡಿಗೆ ದಯವಿಟ್ಟು ಇದನ್ನು ಹಾಕಬೇಡಿ.

ವಿಜಯಪುರದ ಗೆಳೆಯನೊಬ್ಬ ಗೋಳಗುಮ್ಮಟದೊಳಗೆ ಮಗಳು ಮಾತಾಡಿದ್ದನ್ನು ಕಳಿಸಿ "ಇದನ್ನೂ ಕ್ಲೀನ್ ಮಾಡಿಕೊಡಪಾ" ಅಂದ. ಏನು ಮಾಡಲಿ? ಏಳು ಸಲ ತಿರುಗಿ ಬರೋದೂ ಆ ಹುಡುಗಿಯ ದನಿಯೇ. ಪ್ರತಿಧ್ವನಿ ತೆಗೆಯೋದು ಬೇರೆಯೇ ವಿದ್ಯೆ. ಅಲ್ಲದೆ ಗೋಳಗುಮ್ಮಟಕ್ಕೆ ಹೋಗಿ ಪ್ರತಿಧ್ವನಿ ಬೇಡ ಅನ್ನೋರಿಗೆ ಏನು ಹೇಳೋದು?

ಈಗ ನಾನು ಮಾಡುತ್ತಿರೋದು ಹೀಗೆ. ಮೂಲ ಫೈಲನ್ನು ಮುಟ್ಟದೆ ಎರಡು ಕಡೆ ಇಟ್ಟಿದ್ದೇನೆ. ತೊಳೆದದ್ದರ ಕೆಳಗೆ ಮೂಲವನ್ನು ಮೆಲ್ಲಗೆ ಬೆರೆಸುತ್ತೇನೆ, ಮುಕ್ಕಾಲು ತೊಳೆದದ್ದು, ಕಾಲು ಮೂಲ. ಹಕಾರ ವಾಪಸ್ ಬರುತ್ತದೆ, ಸತ್ತ ಜಾಗಗಳಿಗೆ ಮನೆಯ ಉಸಿರು ಬರುತ್ತದೆ. ಎರಡೂ ಟ್ರ್ಯಾಕ್ ಕೂದಲೆಳೆಯಷ್ಟೂ ಹಿಂದೆಮುಂದೆ ಆಗಬಾರದು. ಹಾಗಾದರೆ ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಮೂಲವನ್ನು ಯಾರಿಗಾದರೂ ಕಳಿಸಬೇಕಾದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಿ. ವಾಯ್ಸ್ ನೋಟಿನಲ್ಲಿ ಹಿಂಡಿದ್ದು ಮತ್ತೆ ಸಿಗಲ್ಲ. ಇನ್ನೊಂದು ಮಾತು, ಇದು ನಾನು ತಡವಾಗಿ ಕಲಿತದ್ದು. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಇಡಿ. ದೂರ ಅರ್ಧ ಆದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಬಾಜೂ ಮನೆಯ ಮಗ್ಗ ಇದ್ದಷ್ಟೇ ಇರುತ್ತದೆ. ನಾನು ಅವತ್ತು ಫೋನನ್ನು ಗೂಡಿನಲ್ಲಿ ಇಟ್ಟು, ಚಾ ಕುಡೀತಾ ಆರಾಮ ಕೂತಿದ್ದೆ.

ಹೋದ ಭಾನುವಾರ ಮತ್ತೆ ಹೋದೆ. ಪೂರ್ತಿ ತೊಳೆದದ್ದನ್ನೇ ಮೊದಲು ಕೇಳಿಸಿದೆ. ಚಿಗವ್ವ ಹೆಡ್‌ಫೋನಿನ ಮೇಲೆ ಸೆರಗು ಹೊದ್ದು ಎರಡು ನಿಮಿಷ ಕೇಳಿದಳು. "ಮಗ್ಗ ಕೆಟ್ಟಿತ್ತೇನ ಅವತ್ತ?" ಅಂದಳು. ನಾನು ಎಲ್ಲ ವಿವರಿಸಿದೆ, ಗದ್ದಲ ತೆಗೆಯುವ ಯಂತ್ರ ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು, "ಹಂಗಾರ ಬಾಜೂ ಮನೀದು ತಗಿ. ನಂದು ಬಿಡು."

ಅದೊಂದು ಬಟನ್ ಮಾತ್ರ ಆ ಪುಟದಲ್ಲಿ ಇಲ್ಲ. ಹಾಗಾಗಿ ರಾತ್ರಿ ಕೂತು ಕೈಯಿಂದಲೇ ಆರಿಸುತ್ತಿದ್ದೇನೆ. ಎರಡೂ ಖಟ್ ಅಂತಲೇ ಅನ್ನುತ್ತವೆ. ಪವರ್‌ಲೂಮಿನದ್ದು ಗಡಿಯಾರದ ಹಾಗೆ ಒಂದೇ ಸಮ, ಚಿಗವ್ವನದ್ದು ಮಾತು ಬಂದಾಗ ತಡವಾಗುತ್ತದೆ. ಇಲ್ಲಿವರೆಗೆ ಹನ್ನೊಂದು ನಿಮಿಷ ಮುಗಿದಿದೆ.