ಕಸ್ತೂರಬಾ ಅವರ ಚಿನ್ನದ ಸರ

1901ರ ಅಕ್ಟೋಬರ್ 18. ಭಾರತಕ್ಕೆ ಹೊರಟಿದ್ದ ಗಾಂಧಿ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ತಮ್ಮ ಗೆಳೆಯ ಪಾರ್ಸಿ ರುಸ್ತುಂಜಿಗೆ ಒಂದು ಪತ್ರ ಬರೆದರು. ಅದರಲ್ಲಿ ಒಡವೆಗಳ ಪಟ್ಟಿ ಇದೆ. ಚಿನ್ನದ ಪದಕ, ಚಿನ್ನದ ಗಡಿಯಾರ, ವಜ್ರದ ಉಂಗುರ. ಅಲ್ಲಿನ ಭಾರತೀಯರು ಪ್ರೀತಿಯಿಂದ ಕೊಟ್ಟ ಉಡುಗೊರೆಗಳು, 1896ರಲ್ಲಿ ಬಂದವೂ ಸೇರಿ. ಅಷ್ಟನ್ನೂ ಸಮುದಾಯದ ಕೆಲಸಕ್ಕೆ ಬಿಟ್ಟುಕೊಟ್ಟರು. ಸಾರ್ವಜನಿಕ ಸೇವೆಗೆ ಸಿಕ್ಕಿದ್ದು ಮನೆಯ ಆಸ್ತಿ ಆಗಬಾರದು ಅನ್ನೋದು ಅವರ ನಿಲುವು. ಆ ನಿಲುವಿನ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ಆ ಉಡುಗೊರೆಗಳಲ್ಲಿ 50 ಗಿನಿ (ಆಗಿನ ಬ್ರಿಟಿಷ್ ಹಣ) ಬೆಲೆಯ ಒಂದು ಚಿನ್ನದ ಸರವೂ ಇತ್ತು. ಅದನ್ನು ಕೊಟ್ಟಿದ್ದು ಕಸ್ತೂರಬಾಗೆ.

ಪತ್ರಕ್ಕೂ ಮೊದಲು, ಹೆಚ್ಚಿನ ಉಡುಗೊರೆಗಳು ಕೈಗೆ ಬಂದ ರಾತ್ರಿ ಗಾಂಧಿಗೆ ನಿದ್ದೆ ಬರಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ಕೊನೆಗೆ ತೀರ್ಮಾನಿಸಿ, ಒಡವೆಗಳನ್ನು ಟ್ರಸ್ಟಿಗೆ ಒಪ್ಪಿಸುವ ಪತ್ರದ ಕರಡನ್ನೂ ಬರೆದಿಟ್ಟರು. ಬೆಳಿಗ್ಗೆ ಮೊದಲು ಮಕ್ಕಳ ಒಪ್ಪಿಗೆ ಪಡೆದರು. ಬಾ ಅವರನ್ನು ಕೇಳಿದ್ದು ಆಮೇಲೆ. ನನಗೆ ನೋವಾಗುವುದು ಇಲ್ಲೇ. ಸರ ಅವರದು, ಅವರ ಮಾತು ಕೊನೆಗೆ!

ಬಾ ಸುಮ್ನೆ ಒಪ್ಪಲಿಲ್ಲ. ನನಗೆ ಬೇಡದಿದ್ದರೆ ಬೇಡ, ನಾಳೆ ಬರುವ ಸೊಸೆಯಂದಿರಿಗೆ ಏನು ಕೊಡಲಿ ಎಂದು ಕೇಳಿದರು. ನನಗೆ ಕೊಟ್ಟ ಸರದ ಮೇಲೆ ನಿಮಗೇನು ಹಕ್ಕು ಎಂದರು. ಅದು ನಿನ್ನ ಸೇವೆಗೆ ಬಂದಿದ್ದೋ ನನ್ನ ಸೇವೆಗೋ ಎಂದು ಗಾಂಧಿ ಕೇಳಿದಾಗ, ನಿಮ್ಮ ಸೇವೆಯಲ್ಲಿ ನನ್ನದೂ ಇಲ್ವಾ, ಹಗಲು ರಾತ್ರಿ ದುಡಿದಿಲ್ವಾ, ಕಂಡಕಂಡವರನ್ನೆಲ್ಲ ಮನೆಗೆ ತಂದಿರಿ, ಅಳುತ್ತಾ ಅವರ ಚಾಕರಿ ಮಾಡಿದೆ ಎಂದರು.

ನಮ್ಮಜ್ಜಿಯೂ ತನ್ನ ಅವಲಕ್ಕಿ ಸರವನ್ನು ಸೊಸೆಗೆ ಅಂತಲೇ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಆಸೆಬುರುಕಿ ಅಲ್ಲ ಅವಳು. ಜಮೀನು, ಮನೆ ಎಲ್ಲ ಗಂಡಸರ ಹೆಸರಲ್ಲಿ. ತಾನು ಕೈಯಾರೆ ದಾಟಿಸಬಹುದಾದ ಆಸ್ತಿ ಅಂತ ಅವಳಿಗಿದ್ದದ್ದು ಅದೊಂದೇ. ಬಾ ಅವರ ಕಣ್ಣೀರು ನನಗೆ ಅರ್ಥವಾಗಿದ್ದು ಆ ಗಂಟು ನೆನಪಾದಾಗ.

ಸೇವೆಗೆ ಸಿಕ್ಕಿದ್ದು ಸಮಾಜದ್ದು ಅನ್ನೋ ಮಾತು ಸರಿ. ಆದರೆ ಆ ಸೇವೆಯಲ್ಲಿ ಅಡುಗೆಮನೆಯ ಪಾಲೂ ಇತ್ತು ಅಲ್ವಾ? ಹಾಗಿದ್ದ ಮೇಲೆ ಪತ್ರ ಬರೆಯುವ ಮೊದಲೇ ಬಾ ಅವರನ್ನು ಕೇಳಬೇಕಿತ್ತು.

ಈ ಜಗಳ ನಮಗೆ ಗೊತ್ತಾಗಿದ್ದು ಗಾಂಧಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದರಿಂದಲೇ. ಬಾ ಮಾತುಗಳಲ್ಲಿ ಕೆಲವು ಚುಚ್ಚಿದವು ಎಂದೂ, ಅವರ ಒಪ್ಪಿಗೆಯನ್ನು ಹೇಗೋ ಕಿತ್ತುಕೊಂಡೆ ಎಂದೂ ಒಪ್ಪಿಕೊಂಡಿದ್ದಾರೆ. ರುಸ್ತುಂಜಿಗೆ ಬರೆದ ಪತ್ರದ ಪಟ್ಟಿಯಲ್ಲಿ ಆ ಸರವೂ ಇದೆ.