ಪಾಯಿಂಟ್ ನಾಲ್ಕು ಬಿಡಿ ಸಾರ್

ಕವರ್ ಪ್ಲೇಟು ಬಂತು. 16 ಮಿಲಿಮೀಟರ್ ಗಿಡ್ಡ. ಒಂದು ಕಡೆ ಬೋಲ್ಟು ಕೂರಿಸಿದರೆ ಇನ್ನೊಂದು ಕಡೆಯ ತೂತುಗಳು ಎಲ್ಲೋ ನೋಡುತ್ತಿವೆ. ಗ್ಯಾಪಿನಲ್ಲಿ ಆರಾಮಾಗಿ ಬೆರಳು ತೂರುತ್ತೆ. ಮಷೀನು ಈ ವಾರವೇ ಅಮೆರಿಕಕ್ಕೆ ಹೊರಡಬೇಕು.

ಡ್ರಾಯಿಂಗ್ ಅಲ್ಲಿನವರದ್ದೇ, ಇಂಚಿನಲ್ಲಿದೆ. ಉದ್ದ 40 ಇಂಚು, ಅಂದರೆ 1016 ಮಿಲಿಮೀಟರ್. ಒಂದು ಇಂಚಿಗೆ 25.4 ಅಂತ ಕೆಂಪು ಪೆನ್ನಲ್ಲಿ ಬರೆದೇ ಕಳಿಸಿದ್ದೆ. ಪೀಣ್ಯದ ಸಪ್ಲೈಯರ್‌ಗೆ ಫೋನ್ ಮಾಡಿದರೆ, "25 ಹಾಕ್ಕೊಂಡೆ ಸಾರ್. ಪಾಯಿಂಟ್ ನಾಲ್ಕು ತಾನೇ, ಬಿಡಿ" ಅಂದರು. ಒಂದು ಸಲ ಬಿಡಬಹುದಪ್ಪ. ನಲವತ್ತು ಸಲ ಬಿಟ್ಟಿದ್ದಾರಲ್ಲ!

ಈ ಮನುಷ್ಯ ಮೊದಲಿಂದಲೂ ಹೀಗೇ. ಚಿಲ್ಲರೆ ಕಂಡರೆ ಆಗಲ್ಲ. ಅಳತೆಯಾದರೆ ಕೆಳಕ್ಕೆ ಇಳಿಸುತ್ತಾರೆ, ತಾರೀಕಾದರೆ ಮೇಲಕ್ಕೆ ಏರಿಸುತ್ತಾರೆ. ಒಂದೂವರೆ ದಿನದ ಕೆಲಸ ಅವರ ಲೆಕ್ಕದಲ್ಲಿ ಒಂದು ವಾರ. "ಇನ್ನು ಅರ್ಧ ಗಂಟೆ ಸಾರ್, ಗಾಡಿ ಹೊರಟಿದೆ" ಅಂದರೆ ಪೇಂಟು ಇನ್ನೂ ಒಣಗಿಲ್ಲ ಅಂತ ಅರ್ಥ. ಶಾಪಿಗೆ ಹೋದಾಗ ಬೈ ಟೂ ಕಾಫಿ ತರಿಸುತ್ತಾರೆ. ಆಗ ನೋಡಬೇಕು! ಎರಡು ಲೋಟಗಳನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು, ಕನ್ನಡಕ ಮೇಲೆ ಸರಿಸಿ, ಬಗ್ಗಿ, ಎರಡರಲ್ಲೂ ಮಟ್ಟ ಒಂದೇ ಇದೆಯಾ ಅಂತ ನೋಡುತ್ತಾರೆ. ಜಾಸ್ತಿ ಇದ್ದದ್ದರಿಂದ ಒಂದೆರಡು ಹನಿ ಈ ಕಡೆ ಬಗ್ಗಿಸುತ್ತಾರೆ. ಮತ್ತೆ ನೋಡುತ್ತಾರೆ. ನನ್ನ ಪ್ಲೇಟಿಗೆ ಈ ಭಾಗ್ಯ ಇಲ್ಲ.

ಅವರೊಬ್ಬರನ್ನೇ ಬೈದು ಏನು ಪ್ರಯೋಜನ? ಮೆಟ್ರಿಕ್‌ಗೆ ಬದಲಾಗೋಣ ಅಂತ ನಮ್ಮ ದೇಶ 1956ರಲ್ಲೇ ಕಾಯ್ದೆ ಮಾಡಿತು. ಇವತ್ತಿಗೂ ಪ್ಲೈವುಡ್ 8 ಅಡಿಗೆ 4 ಅಡಿ, ದಪ್ಪ ಮಾತ್ರ 18 ಎಂಎಂ. ಅರ್ಧ ಇಂಚಿನ ಜಿಐ ಪೈಪು ತಂದು ವರ್ನಿಯರ್ ಹಿಡಿಯಿರಿ. ಹೊರಗೆ 21 ಮಿಲಿಮೀಟರ್ ಚಿಲ್ಲರೆ, ಒಳಗೆ 16ರ ಹತ್ತಿರ. ಅರ್ಧ ಇಂಚು ಅಂದರೆ 12.7. ಆ ಪೈಪಿನಲ್ಲಿ ಅದು ಎಲ್ಲೂ ಇಲ್ಲ.

ಕಂಪ್ಯೂಟರ್ ಕೈಗೆ ಕೊಟ್ಟರೆ ಇನ್ನೊಂದು ಪೀಡೆ. ಪ್ಲಸ್ ಮೈನಸ್ ಐದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲು ಆಚೀಚೆ ಆದರೂ ನಡೆಯುತ್ತೆ ಅನ್ನೋ ಸಾದಾ ಟಾಲರೆನ್ಸನ್ನು ಅದು 0.127 ಮಿಲಿಮೀಟರ್ ಅಂತ ಬದಲಾಯಿಸುತ್ತೆ. ಮೂರು ಡೆಸಿಮಲ್ ಕಂಡಿದ್ದೇ ತಡ, ಲೇತಿನಲ್ಲೇ ಮುಗಿಯುವ ಕೆಲಸಕ್ಕೆ ದುಬಾರಿ ಗ್ರೈಂಡಿಂಗ್ ರೇಟ್ ಹೇಳುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮಲ್ಲೊಬ್ಬ ಹಳೇ ಟರ್ನರ್, ಅಂದರೆ ಲೇತ್ ಕೆಲಸದವರು, ಇದ್ದರು. ಅವರ ಲೇತಿನ ಲೀಡ್ ಸ್ಕ್ರೂ, ಅಂದರೆ ಥ್ರೆಡ್ ಹಾಕುವಾಗ ಟೂಲನ್ನು ಮುಂದಕ್ಕೆ ನಡೆಸುವ ಉದ್ದನೆಯ ಸ್ಕ್ರೂ, ಇಂಚಿನದು. ಅದರಲ್ಲಿ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಹಾಕಬೇಕು. ಐದು ಇಂಚಿಗೆ ಸರಿಯಾಗಿ 127 ಮಿಲಿಮೀಟರ್, ಅದಕ್ಕೆ. 63 ಹಲ್ಲಿನದು ಹಾಕಿ ಹತ್ತಿರ ಹತ್ತಿರ ತರುವ ಉಪಾಯವೂ ಉಂಟು. ಅವರು ಒಪ್ಪುತ್ತಿರಲಿಲ್ಲ. ದೊಡ್ಡ ಗೇರನ್ನು ಎಣ್ಣೆ ಸವರಿ, ಬನಿಯನ್ ವೇಸ್ಟಿನಲ್ಲಿ ಸುತ್ತಿ, ತಮ್ಮ ಲಾಕರ್‌ನಲ್ಲೇ ಇಟ್ಟುಕೊಳ್ಳುತ್ತಿದ್ದರು. "ಗೇರ್ ಕೊಡಿ ಅಣ್ಣ" ಅಂದರೆ, "ಯಾವ ಥ್ರೆಡ್ಡು, ಮೊದಲು ಹೇಳು" ಅನ್ನುವರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನು ಬಂತು. ಲೇತು ಗುಜರಿಗೆ ಹೋಯಿತು. ಅವರು ಅದಕ್ಕೂ ಮುಂಚೆಯೇ ರಿಟೈರ್ ಆಗಿದ್ದರು. ಗೇರ್ ಏನಾಯಿತು ಅಂತ ಕೇಳಲು ಯಾರಿಗೂ ಹೊಳೆಯಲಿಲ್ಲ, ನನಗೂ.

ಈಗ ಹೊಸ ಪ್ಲೇಟಿಗೆ ಹೊಸ ಡ್ರಾಯಿಂಗ್ ಮಾಡಿಸಿದ್ದೇನೆ. ಸಪ್ಲೈಯರ್ ಲೆಕ್ಕ ಮಾಡುವ ಗೊಡವೆಯೇ ಬೇಡ ಅಂತ ಎರಡೂ ಅಳತೆ ಹಾಕಿಸಿದೆ: ಮೇಲೆ 1016, ಅದರ ಕೆಳಗೆ ಬ್ರಾಕೆಟ್‌ನಲ್ಲಿ 40. ಮಧ್ಯಾಹ್ನ ಕಳಿಸಿದೆ. ಊಟ ಮುಗಿಸುವಷ್ಟರಲ್ಲಿ ಫೋನು.

"ಸಾರ್, ದೊಡ್ಡದು ಓಕೆ. ಈ ನಲವತ್ತರ ಪೀಸು ಎಷ್ಟು ಬೇಕು?"