ಏರ್‌ಪೋರ್ಟ್ ಮುಂದೆ ನಿಂತು ಕೂಗಿದ್ರೆ ನಿಷೇಧ ನಿಲ್ಲುತ್ತಾ? ಪರ-ವಿರೋಧ

ಅಮೆರಿಕದ ಟ್ರಾವೆಲ್ ಬ್ಯಾನ್ ಬಗ್ಗೆ ಯೋಚಿಸಿದಾಗೆಲ್ಲ ಈ ಪ್ರಶ್ನೆಗೆ ನನ್ನೊಳಗೆ ಎರಡು ಉತ್ತರ ಏಳುತ್ತೆ. ಎರಡನ್ನೂ ನಂಬ್ತೀನಿ, ಒಂದಕ್ಕೊಂದು ಒಗ್ಗೋದಿಲ್ಲ ಅಂತಾನೂ ಗೊತ್ತು, ಅದಕ್ಕೇ ಬೇರೆ ಬೇರೆಯಾಗಿ ಬರೀತಿದ್ದೀನಿ.

ಪರ: ಹೋಗ್ಲೇಬೇಕು, ಅವತ್ತೇ ಹೋಗ್ಬೇಕು

2017ರ ಜನವರಿ 27, ಶುಕ್ರವಾರ. ಟ್ರಂಪ್ ಆದೇಶಕ್ಕೆ ಸಹಿ ಹಾಕಿದ್ರು. ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ, ಯೆಮನ್, ಮುಸ್ಲಿಮರೇ ಹೆಚ್ಚಿರೋ ಈ ಏಳು ದೇಶದವರು 90 ದಿನ ಅಮೆರಿಕದೊಳಗೆ ಬರೋ ಹಾಗಿಲ್ಲ, ಯಾವ ದೇಶದ ನಿರಾಶ್ರಿತರೇ ಆಗಲಿ 120 ದಿನ ಬರೋ ಹಾಗಿಲ್ಲ, ಸಿರಿಯಾದ ನಿರಾಶ್ರಿತರಿಗಂತೂ ಗಡುವೇ ಇಲ್ಲ. ಸಹಿ ಬಿದ್ದಾಗ ಎಷ್ಟೋ ಜನ ಇನ್ನೂ ವಿಮಾನದಲ್ಲಿದ್ರು. ಹತ್ತುವಾಗ ವೀಸಾ ಇತ್ತು, ಇಳಿಯೋಷ್ಟರಲ್ಲಿ ಅದು ಬರೀ ಕಾಗದ ಆಗಿತ್ತು.

ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಲ್ಲಿ ಹಾಗೆ ಇಳಿದವರಲ್ಲಿ ಒಬ್ಬರು ಇರಾಕಿನವರು. ಹತ್ತು ವರ್ಷ ಅಮೆರಿಕದ ಸೈನ್ಯದ ಜೊತೆ ದುಭಾಷಿಯಾಗಿ ದುಡಿದವರು, ಅದೇ ಕಾರಣಕ್ಕೆ ತಮ್ಮ ನೆಲದಲ್ಲಿ ಪ್ರಾಣಭಯ ಎದುರಿಸಿದವರು. ಅವರನ್ನ ಹೆಚ್ಚುಕಮ್ಮಿ 19 ಗಂಟೆ ಹಿಡಿದಿಟ್ಕೊಂಡ್ರು. ಅಂಥವರನ್ನೇ ಅನುಮಾನದಿಂದ ನೋಡೋ ಆದೇಶಕ್ಕೆ ಭದ್ರತೆ ಅಂತ ಹೆಸರಿಟ್ರೆ ಒಪ್ಪೋದು ಹೇಗೆ?

ಶನಿವಾರ ಟರ್ಮಿನಲ್ 4ರ ಹೊರಗೆ ಜನ ಸೇರೋಕೆ ಶುರುವಾಯ್ತು, ಮಧ್ಯಾಹ್ನಕ್ಕೆ ನೂರಾರು, ಸಂಜೆಗೆ ಸಾವಿರಾರು. ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು ಹೊರಗಿನ ಗುಂಪಿಗಿಂತ ಒಳಗಿನ ನೆಲ. ಅರೈವಲ್ಸ್ ಹಾಲ್‌ನಲ್ಲಿ ವಕೀಲರು ನೆಲದ ಮೇಲೇ ಕೂತು ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಅರ್ಜಿ ಟೈಪ್ ಮಾಡ್ತಿದ್ರು, ಕೆಲವರು ಅರೇಬಿಕ್‌ನಲ್ಲೂ ಫಾರ್ಸಿಯಲ್ಲೂ ಕೈಬರಹದ ಬೋರ್ಡ್ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ರು. ಒಳಗೆ ಯಾರ್ಯಾರನ್ನ ಕೂರಿಸಿದ್ದಾರೆ ಅಂತ ಅಧಿಕಾರಿಗಳು ಸರಿಯಾಗಿ ಹೇಳ್ತಿರಲಿಲ್ಲ, ಹಾಗಾಗಿ ವಕೀಲರಿಗೆ ಹೆಸರು ಸಿಗ್ತಿದ್ದಿದ್ದು ಹೊರಗೆ ಕಾಯ್ತಿದ್ದ ಅಣ್ಣ, ಹೆಂಡತಿ, ಮಗಳು ಇವರಿಂದಲೇ. ಜನ ಸೇರಿದ್ದಾರೆ, ಅಲ್ಲಿ ಹೋದ್ರೆ ಸಹಾಯ ಮಾಡೋರು ಸಿಗ್ತಾರೆ ಅನ್ನೋ ಸುದ್ದಿ ಹಬ್ಬಿದ್ದಕ್ಕೇ ಆ ಕುಟುಂಬಗಳಿಗೆ ಧೈರ್ಯ ಬಂತು. ಗುಂಪು ಕಟ್ಟಿ ಕೂಗೋದ್ರಿಂದ ಏನು ಬಂತು ಅಂತ ಕೇಳೋರಿಗೆ ನನ್ನ ಮೊದಲ ಉತ್ತರ ಇದೇ.

ಅದೇ ರಾತ್ರಿ ಬ್ರೂಕ್ಲಿನ್‌ನ ಫೆಡರಲ್ ಕೋರ್ಟಿನಲ್ಲಿ ಜಡ್ಜ್ ಆನ್ ಡೊನೆಲಿ, ವೀಸಾ ಇಟ್ಕೊಂಡು ಬಂದಿಳಿದವರನ್ನ ವಾಪಸ್ ಕಳಿಸೋ ಹಾಗಿಲ್ಲ ಅಂತ ತಡೆ ಕೊಟ್ರು, ಕೋರ್ಟಿನ ಹೊರಗೆ ಚಳಿಯಲ್ಲಿ ಕಾಯ್ತಿದ್ದ ಜನಕ್ಕೆ ಸುದ್ದಿ ತಲುಪಿದಾಗ ಎದ್ದ ಕೂಗನ್ನ ಎಷ್ಟು ಸಲ ವಿಡಿಯೋದಲ್ಲಿ ಕೇಳಿದ್ರೂ ನನ್ನ ಗಂಟಲು ಕಟ್ಟುತ್ತೆ. ತಡೆ ಕೊಟ್ಟಿದ್ದು ಕಾನೂನು ನೋಡಿ, ಜನ ನೋಡಿ ಅಲ್ಲ, ಅದು ನನಗೂ ಗೊತ್ತು. ಆದ್ರೆ ಗ್ರೀನ್ ಕಾರ್ಡ್ ಇದ್ದವರನ್ನೂ ಮೊದಲ ದಿನ ತಡೆದಿದ್ದ ಸರ್ಕಾರ ಕೆಲವೇ ದಿನದಲ್ಲಿ ಅವರಿಗೆ ಇದು ಅನ್ವಯಿಸಲ್ಲ ಅಂತ ಹಿಂದೆ ಸರಿದಿದ್ದು ಬರೀ ಅರ್ಜಿಗಳಿಗೆ ಹೆದರಿ ಅಂತ ನಾನು ನಂಬಲ್ಲ.

ಇನ್ನು ಒಗ್ಗಟ್ಟಿನ ವಿಷಯ. ಒಗ್ಗಟ್ಟು ಅಂದ್ರೆ ಕೈಯಿಂದ ಏನಾದ್ರೂ ಕಳ್ಕೊಳ್ಳೋದು, ಬರೀ ಬಾಯಿಮಾತಲ್ಲ. ಆ ಶನಿವಾರ ಸಂಜೆ 6ರಿಂದ 7ರವರೆಗೆ ನ್ಯೂಯಾರ್ಕ್ ಟ್ಯಾಕ್ಸಿ ವರ್ಕರ್ಸ್ ಅಲಯನ್ಸ್ ಅನ್ನೋ ಡ್ರೈವರ್‌ಗಳ ಸಂಘ ಜೆಎಫ್‌ಕೆಯಿಂದ ಬಾಡಿಗೆ ಎತ್ತೋದನ್ನ ನಿಲ್ಲಿಸಿತು. ದಿನದ ದುಡಿಮೆ ಮೇಲೆ ಮನೆ ನಡೆಸೋ ಜನ ಅವರು, ಅವರಲ್ಲಿ ಎಷ್ಟೋ ಮಂದಿ ವಲಸೆ ಬಂದ ಮುಸ್ಲಿಮರೇ. ಫೆಬ್ರವರಿ 2ಕ್ಕೆ ಯೆಮನಿ ಮೂಲದವರ ಸರದಿ. ನ್ಯೂಯಾರ್ಕಿನ ಮೂಲೆ ಮೂಲೆಯಲ್ಲಿರೋ ಬೊಡೇಗಾ ಅನ್ನೋ ಚಿಕ್ಕ ದಿನಸಿ ಅಂಗಡಿಗಳಲ್ಲಿ ಎಷ್ಟೋ ಅವರವೇ, ಹಗಲು ರಾತ್ರಿ ತೆಗೆದೇ ಇರೋ ಅಂಗಡಿಗಳು ಅವು. ಅವತ್ತು ಮಧ್ಯಾಹ್ನ 12ಕ್ಕೆ ಸುಮಾರು ಸಾವಿರ ಅಂಗಡಿಗಳ ಶಟರ್ ಕೆಳಗಿಳೀತು, ರಾತ್ರಿ 8ರವರೆಗೆ ಮೇಲೇಳಲಿಲ್ಲ. ಮಾಲೀಕರು, ಕೆಲಸದವರು ಎಲ್ಲ ಬ್ರೂಕ್ಲಿನ್‌ನ ‘ಬರೋ ಹಾಲ್’ ಅನ್ನೋ ಆಡಳಿತ ಕಚೇರಿ ಮುಂದೆ ಸೇರಿದ್ರು, ಬಯಲಲ್ಲೇ ಸಾಲಾಗಿ ನಿಂತು ನಮಾಜ್ ಮಾಡಿದ್ರು. ಹಾಲು ಬ್ರೆಡ್ಡಿಗೆ ಬಂದು ಮುಚ್ಚಿದ ಬಾಗಿಲು ನೋಡಿದ ಗಿರಾಕಿಗೆ ಆ ಆದೇಶ ಯಾರ ಮೇಲೆ ಬಿದ್ದಿದೆ ಅಂತ ಯಾವ ಟಿವಿ ಚರ್ಚೆಗಿಂತ ಚೆನ್ನಾಗಿ ಅರ್ಥ ಆಗಿರುತ್ತೆ.

ಜನರ ಮನಸ್ಸೂ ಬದಲಾಯ್ತು. ಆದೇಶಕ್ಕೆ ಮೊದಲು ಮಾತಾಡಿಸಿದ್ದವರನ್ನೇ ಅದಾದ್ಮೇಲೆ ಮತ್ತೆ ಮಾತಾಡಿಸಿದ ರಾಜ್ಯಶಾಸ್ತ್ರದ ಸಂಶೋಧಕರಿಗೆ ಸಿಕ್ಕಿದ್ದು ಇದೇ: ಪ್ರತಿಭಟನೆಯ ಆ ದಿನಗಳ ನಂತರ ಗಣನೀಯ ಸಂಖ್ಯೆಯ ಜನ ನಿಷೇಧದ ವಿರುದ್ಧ ತಿರುಗಿದ್ರು.

ಯಾರೂ ಬರದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ 1914 ನೋಡಿ. ಕೊಮಾಗಾಟ ಮಾರು ಹಡಗಿನಲ್ಲಿ 376 ಜನ, ಬಹುಪಾಲು ಪಂಜಾಬಿನವರು, ಕೆನಡಾ ಇಳಿಯೋಕೆ ಬಿಡದೆ ಅವರಲ್ಲಿ ಬಹುತೇಕ ಎಲ್ಲರೂ ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ನೀರಿನ ಮೇಲೇ ಉಳಿದ್ರು. ದಡದಲ್ಲಿದ್ದ ಅವರ ಜನವೇ ಕಮಿಟಿ ಮಾಡ್ಕೊಂಡು ದುಡ್ಡು ಕೂಡಿಸಿದ್ರು, ಕೋರ್ಟಿಗೂ ಹೋದ್ರು, ಸೋತ್ರು. ಊರಿನ ಉಳಿದವರು ದಡದಲ್ಲಿ ಸೇರಿದ್ದು ಹಡಗು ಹೋಗೋದನ್ನ ನೋಡೋಕೆ. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ, ಅಷ್ಟೊತ್ತಿಗೆ ನೂರು ವರ್ಷ ದಾಟಿತ್ತು. ಜೆಎಫ್‌ಕೆಯಲ್ಲಿ ಆ ಏಳು ದೇಶಕ್ಕೂ ತಮಗೂ ಏನೂ ಸಂಬಂಧ ಇಲ್ಲದವರು ಬಂದು ನಿಂತ್ರಲ್ಲ, 1914ರ ದಡದಲ್ಲಿ ಇಲ್ಲದೇ ಇದ್ದಿದ್ದು ಅವರೇ.

ವಿರೋಧ: ಕಣ್ಣಿಗೆ ಕಾಣೋ ಕಡೆಗಷ್ಟೇ ಹೋಗೋ ಸಿಟ್ಟು

ನಿಷೇಧ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಬೀದಿಗಿಳಿದವರ ಮನಸ್ಸಿನ ಬಗ್ಗೆಯೂ ನನಗೆ ಅನುಮಾನ ಇಲ್ಲ. ನನ್ನ ತಕರಾರು ಬೇರೆ, ಆ ಸಿಟ್ಟು ಹೋಗ್ಬೇಕಾದ ಜಾಗಕ್ಕೆ ಹೋಗಲಿಲ್ಲ ಅನ್ನೋದು.

ಏರ್‌ಪೋರ್ಟಿನವರೆಗೆ ಬಂದು ಸಿಕ್ಕಿಹಾಕ್ಕೊಂಡವರು ಬೆರಳೆಣಿಕೆ ಅಲ್ಲದಿದ್ರೂ ಕಮ್ಮಿ ಜನವೇ. ಮೊದಲ ವಾರದಲ್ಲೇ ಸುಮಾರು 60,000 ವೀಸಾ ತಾತ್ಕಾಲಿಕವಾಗಿ ರದ್ದಾಗಿದೆ ಅಂತ ವಿದೇಶಾಂಗ ಇಲಾಖೆಯೇ ಹೇಳಿತ್ತು, ಅವರೆಲ್ಲ ಎಲ್ಲಿದ್ರು? ಟರ್ಮಿನಲ್ 4ರಲ್ಲಂತೂ ಅಲ್ಲ. ಯೆಮನ್ ಉದಾಹರಣೆ ತಗೊಳ್ಳಿ. ಅಲ್ಲಿನ ರಾಜಧಾನಿ ಸನಾದಲ್ಲಿದ್ದ ಅಮೆರಿಕದ ಎಂಬಸಿ 2015ರಲ್ಲೇ ಮುಚ್ಚಿತ್ತು, ಹಾಗಾಗಿ ಯೆಮನಿಗಳು ಯುದ್ಧ ದಾಟಿ, ಸಮುದ್ರ ದಾಟಿ ಆಫ್ರಿಕಾದ ಜಿಬೂಟಿಗೆ ಹೋಗಿ ವೀಸಾಗೆ ಕಾಯ್ಬೇಕಿತ್ತು. ಬಾಡಿಗೆ ರೂಮಿನಲ್ಲಿ ಹೆಂಡತಿ ಮಕ್ಕಳ ಜೊತೆ ತಿಂಗಳುಗಟ್ಟಲೆ ಕೂತು, ಉಳಿಸಿದ್ದ ದುಡ್ಡೆಲ್ಲ ಕರಗಿ, ಕೊನೆಗೆ ಕೈಗೆ ಬಂದಿದ್ದು ನಿರಾಕರಣೆಯ ಚೀಟಿ. ಅವರಲ್ಲಿ ಡೈವರ್ಸಿಟಿ ವೀಸಾ ಲಾಟರಿ, ಅಂದ್ರೆ ಚೀಟಿ ಎತ್ತಿ ವಲಸೆ ವೀಸಾಗೆ ಅವಕಾಶ ಕೊಡೋ ಯೋಜನೆ, ಅದರಲ್ಲಿ ಗೆದ್ದವರೂ ಇದ್ರು, ಆ ವೀಸಾ ಆ ವರ್ಷದ ಸೆಪ್ಟೆಂಬರ್ 30ರೊಳಗೆ ಸಿಗಲಿಲ್ಲ ಅಂದ್ರೆ ಮುಗೀತು, ಮುಂದಿನ ವರ್ಷಕ್ಕೆ ಹೋಗಲ್ಲ. ಆ ರೂಮಿನ ಮುಂದೆ ಯಾರೂ ಬೋರ್ಡ್ ಹಿಡಿದು ನಿಲ್ಲಲಿಲ್ಲ, ನಿಲ್ಲೋಕೆ ಆಗೋ ಜಾಗವೂ ಅದಲ್ಲ. ನಿಷೇಧ ಜನರನ್ನ ತಿಂದಿದ್ದು ಅಂಥ ಕಡೆಗಳಲ್ಲಿ, ಕ್ಯಾಮೆರಾ ಹೋಗದ ಕಡೆ.

ಮತ್ತೆ ಒಂದು ಕಹಿ ಸತ್ಯ ಹೇಳ್ತೀನಿ, ಆ ಗದ್ದಲದಿಂದ ಹೆಚ್ಚು ಪಾಠ ಕಲಿತಿದ್ದು ಸರ್ಕಾರವೇ. ಎರಡನೇ ಆದೇಶ ಮಾರ್ಚ್ 6ಕ್ಕೆ ಬಂತು, ಇರಾಕ್ ಬಿಟ್ರು, ಗ್ರೀನ್ ಕಾರ್ಡ್‌ನವರನ್ನ ಮೊದಲೇ ಹೊರಗಿಟ್ರು, ಜಾರಿಗೆ ಹತ್ತು ದಿನ ಮುಂದಿನ ತಾರೀಖು ಕೊಟ್ರು. ಸೆಪ್ಟೆಂಬರ್‌ನ ಮೂರನೇದರಲ್ಲಿ ಉತ್ತರ ಕೊರಿಯಾ, ವೆನೆಜುವೆಲಾ ಸೇರಿಸಿದ್ರು, ಧರ್ಮದ ಲೆಕ್ಕ ಅಂತ ಯಾರೂ ಹೇಳದ ಹಾಗೆ. 2018ರ ಜೂನ್ 26ಕ್ಕೆ ಸುಪ್ರೀಂ ಕೋರ್ಟ್ ಅದನ್ನ 5-4ರಲ್ಲಿ ಎತ್ತಿಹಿಡೀತು. ಜಸ್ಟಿಸ್ ಸೊಟೊಮೇಯರ್ ಭಿನ್ನ ತೀರ್ಪಿನಲ್ಲಿ ಟ್ರಂಪ್ ಮುಸ್ಲಿಮರ ಬಗ್ಗೆ ಆಡಿದ್ದ ಮಾತುಗಳನ್ನ ಒಂದೊಂದಾಗಿ ಪಟ್ಟಿ ಮಾಡಿದ್ರು, ಆದ್ರೆ ಸೋತ ಕಡೆ ಎಷ್ಟು ಚೆನ್ನಾಗಿ ಬರೆದ್ರೂ ಜಿಬೂಟಿಯಲ್ಲಿ ಕೂತವನಿಗೆ ವೀಸಾ ಬರಲ್ಲ. 2020ರಲ್ಲಿ ನೈಜೀರಿಯಾ, ಎರಿಟ್ರಿಯಾ, ಮ್ಯಾನ್ಮಾರ್ ಎಲ್ಲ ಸೇರಿದಾಗ ಏರ್‌ಪೋರ್ಟ್ ತುಂಬಲಿಲ್ಲ. 2025ರ ಜೂನ್‌ನಲ್ಲಿ 12 ದೇಶಕ್ಕೆ ಪೂರ್ತಿ, 7 ದೇಶಕ್ಕೆ ಭಾಗಶಃ ನಿಷೇಧ ಬಂತು. ಆಗಲೇ ಕೊಟ್ಟ ವೀಸಾ ಮುಟ್ಟಲ್ಲ ಅಂದ್ರು, ಜಾರಿಗೆ ಐದು ದಿನ ಟೈಮ್ ಕೊಟ್ರು, ಅಷ್ಟೇ ಸಾಕಾಯ್ತು, 2017ರ ದೃಶ್ಯ ಮತ್ತೆ ಕಾಣಲಿಲ್ಲ. ನೋಡೋಕೆ ದೃಶ್ಯ ಇಲ್ದಿದ್ರೆ ಜನ ಬರಲ್ಲ ಅನ್ನೋದು ಆದೇಶ ಬರೆಯೋರಿಗೆ ಚೆನ್ನಾಗಿ ಗೊತ್ತಾಗಿದೆ.

ಅಮೆರಿಕವೇ ಎದ್ದು ನಿಂತಿತು ಅಂತ ಆಗ ಬರೆದ್ರಲ್ಲ, ಅದೂ ಪೂರ್ತಿ ನಿಜ ಅಲ್ಲ. ಅದೇ ವಾರದ ರಾಯಿಟರ್ಸ್-ಇಪ್ಸಾಸ್ ಸಮೀಕ್ಷೆಯಲ್ಲಿ 49% ಜನ ಆದೇಶ ಸರಿ ಅಂದಿದ್ರು, ತಪ್ಪು ಅಂದವರು 41%. ಬೇರೆ ಸಮೀಕ್ಷೆಗಳಲ್ಲಿ ಉಲ್ಟಾ ಇತ್ತು, ಒಪ್ಪೋಣ, ಆದ್ರೆ ಸುಮಾರು ಅರ್ಧ ದೇಶದ ಜೊತೆ ಮಾತಾಡೋ ಕೆಲಸ ಬಾಕಿ ಇತ್ತು, ಟರ್ಮಿನಲ್ ಮುಂದೆ ಸೇರಿದವರೆಲ್ಲ ನಿಷೇಧ ತಪ್ಪು ಅಂತ ಮೊದಲೇ ಒಪ್ಪಿದ್ದವರು.

ಒಗ್ಗಟ್ಟು ಎಷ್ಟು ಬೇಗ ಬೇರೆ ಏನೋ ಆಗಿಬಿಡುತ್ತೆ ಅಂತಾನೂ ನೋಡಿ. ಟ್ಯಾಕ್ಸಿಯವರ ಮುಷ್ಕರ ಮುಗಿದ ಸ್ವಲ್ಪ ಹೊತ್ತಿಗೆ ಊಬರ್ ಜೆಎಫ್‌ಕೆಯಲ್ಲಿ ಸರ್ಜ್ ದರ, ಅಂದ್ರೆ ಬೇಡಿಕೆ ಹೆಚ್ಚಾದಾಗ ಏರಿಸೋ ಬಾಡಿಗೆ, ತೆಗೆದಿದ್ದೀವಿ ಅಂತ ಹೇಳಿತು, ಇದು ಮುಷ್ಕರ ಮುರಿಯೋ ಕೆಲಸ ಅಂತ ಜನ ಸಿಟ್ಟಾದ್ರು, ಎರಡು ಲಕ್ಷಕ್ಕೂ ಹೆಚ್ಚು ಅಕೌಂಟ್ ಡಿಲೀಟ್ ಆಯ್ತಂತೆ, ಊಬರ್‌ನ ಪ್ರತಿಸ್ಪರ್ಧಿ ಕಂಪನಿ ಲಿಫ್ಟ್, ನಾಗರಿಕ ಹಕ್ಕುಗಳಿಗೆ ಹೋರಾಡೋ ಎಸಿಎಲ್‌ಯು ಸಂಸ್ಥೆಗೆ ಹತ್ತು ಲಕ್ಷ ಡಾಲರ್ ಕೊಡ್ತೀವಿ ಅಂತ ಘೋಷಿಸಿತು. ನೋಡ್ತಾ ನೋಡ್ತಾ ಯೆಮನಿನ ಒಂದು ಕುಟುಂಬದ ಪ್ರಶ್ನೆ ಯಾವ ಆ್ಯಪ್ ಇಟ್ಕೊಳ್ಳೋದು ಅನ್ನೋ ಪ್ರಶ್ನೆ ಆಗಿಹೋಯ್ತು. ಮುಷ್ಕರ ಮಾಡಿದ ಡ್ರೈವರ್‌ಗಳಿಗೆ ಆ ಒಂದು ಗಂಟೆಯ ಬಾಡಿಗೆ ಯಾರೂ ವಾಪಸ್ ಕೊಡಲಿಲ್ಲ.

ಹಾಗಾದ್ರೆ ಎಲ್ಲಿ ನಿಲ್ಲಬೇಕಿತ್ತು? ಈ ಎಲ್ಲ ಆದೇಶದ ಬೇರು ಇರೋದು 1952ರ ವಲಸೆ ಕಾನೂನಿನ 212(ಎಫ್) ಅನ್ನೋ ಸೆಕ್ಷನ್‌ನಲ್ಲಿ. ದೇಶದ ಹಿತಕ್ಕೆ ಧಕ್ಕೆ ಅನ್ನಿಸಿದ್ರೆ ಯಾವ ವರ್ಗದ ವಿದೇಶೀಯರನ್ನಾದ್ರೂ ತಡೆಯಬಹುದು ಅಂತ ಅದು ಅಧ್ಯಕ್ಷರ ಕೈಗೆ ಅಧಿಕಾರ ಕೊಡುತ್ತೆ. ಅದಕ್ಕೆ ಕಡಿವಾಣ ಹಾಕೋ ನೋ ಬ್ಯಾನ್ ಆ್ಯಕ್ಟ್ ಮಸೂದೆ 2020ರಲ್ಲಿ ಒಂದು ಸಲ, 2021ರಲ್ಲಿ ಮತ್ತೊಂದು ಸಲ ಅಮೆರಿಕ ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ ಪಾಸಾಯ್ತು. ಎರಡು ಸಲವೂ ಮೇಲ್ಮನೆ ಸೆನೆಟ್‌ನಲ್ಲಿ ಅಲ್ಲೇ ಸತ್ತುಹೋಯ್ತು. 2021ರ ಜನವರಿ 20ಕ್ಕೆ ಬೈಡನ್ ನಿಷೇಧ ವಾಪಸ್ ತಗೊಂಡಿದ್ರಲ್ಲ, ಎಲ್ರಿಗೂ ಗೆದ್ವಿ ಅನ್ನಿಸಿತ್ತು. ಜೆಎಫ್‌ಕೆಗೆ ಬಂದ ಹಾಗೆ ಸಾವಿರಾರು ಜನ ಆ ಮಸೂದೆಗೋಸ್ಕರ ಸೆನೆಟರ್‌ಗಳ ಆಫೀಸಿನ ಮುಂದೆ ಬರಲಿಲ್ಲ, ಸೆಕ್ಷನ್ ಹಾಗೇ ಉಳೀತು, ನಾಲ್ಕು ವರ್ಷದ ನಂತರ ಅದನ್ನೇ ತೆಗೆದು ಮತ್ತೆ 19 ದೇಶದ ಹೆಸರು ಬರೆದ್ರು.